ಮಲ್ಲಂದೂರಿನ ಜಗಲಿಯಲ್ಲಿ ಕಾದಂಬರಿ

ಕಳೆದ ವರ್ಷ ಮೇ ತಿಂಗಳ ಕೊನೆಯ ವಾರ. ಉತ್ತರಪತ್ರಿಕೆಗಳ ಕಟ್ಟುಗಳ ನಡುವೆ ಹೂತುಹೋಗಿದ್ದ ನನ್ನನ್ನು ಮಲ್ಲಂದೂರಿನ ಮಿತ್ರರೊಬ್ಬರು ಫೋನು ಮಾಡಿ ಮೇಲೆತ್ತಿದರು. ಚಿಕ್ಕಮಗಳೂರಿನಿಂದ ಮುತ್ತೋಡಿಯ ಕಾಡಿಗೆ ಹೋಗುವ ದಾರಿಯಲ್ಲಿ, ಕಾಫಿ ತೋಟಗಳ ನಡುವೆ ಇರುವ ಊರು ಅದು. ಮಿತ್ರರು ಅಲ್ಲಿಯ ಬೆಳೆಗಾರರು. ಊರವರಿಗೆಲ್ಲ ಗೌಡರು, ಆದುದರಿಂದ ನನಗೂ ಗೌಡರೇ.

"ಮೇಷ್ಟ್ರೇ, ಈ ಮಳೆಗಾಲ ನಾವು ಹತ್ತು ಹನ್ನೊಂದು ಜನ ಸೇರಿ ಕಾದಂಬರಿ ಓದೋಣ ಅಂತ ಮಾಡಿದೀವಿ. ತಿಂಗಳಿಗೊಂದು. ಕೊನೇ ಭಾನುವಾರ ನಮ್ಮನೆ ಜಗಲೀಲಿ ಕೂತು ಮಾತಾಡೋದು. ಐದು ಒಳ್ಳೇ ಕಾದಂಬರಿ ಹೆಸರು ಬರೆದು ಕಳಿಸಿ. ನೀವೂ ಬರಬೇಕು."

ಕನ್ನಡ ಎಂ.ಎ. ಮಾಡಿದವನನ್ನು ಐದು ಒಳ್ಳೆಯ ಕಾದಂಬರಿಗಳನ್ನು ಹೆಸರಿಸೆಂದು ಕೇಳುವುದೂ ಅಡುಗೆಯವನನ್ನು ಚಿಟಿಕೆ ಉಪ್ಪು ಕೇಳುವುದೂ ಒಂದೇ ಎಂದು ನಾನು ತಿಳಿದೆ. ಹತ್ತು ನಿಮಿಷದೊಳಗೆ ಪಟ್ಟಿ ಸಿದ್ಧವಾಯಿತು: 'ಮಲೆಗಳಲ್ಲಿ ಮದುಮಗಳು', 'ಮರಳಿ ಮಣ್ಣಿಗೆ', 'ಚಿಕವೀರ ರಾಜೇಂದ್ರ', 'ಪರ್ವ', 'ಕುಸುಮಬಾಲೆ'. ಒಂದಕ್ಕಿಂತ ಒಂದು ಮೇಲಾದ ಕೃತಿಗಳು. ಯಾವ ವಿಮರ್ಶಕನೂ ಈ ಪಟ್ಟಿಯ ಕಡೆಗೆ ಬೆರಳು ತೋರಿಸಲಾರ. ನಾನು ಪಟ್ಟಿ ಮಾಡಿದ್ದು ಆ ವಿಮರ್ಶಕನಿಗಾಗಿಯೇ ಹೊರತು ಮಲ್ಲಂದೂರಿನ ಹನ್ನೊಂದು ಜನರಿಗಾಗಿ ಅಲ್ಲವೆಂಬುದು ತಿಳಿಯಲು ಒಂದು ತಿಂಗಳು ಬೇಕಾಯಿತು.

ಜೂನ್ ಕೊನೆಯ ಭಾನುವಾರ ಬಸ್ಸಿಳಿದು, ಕೊಡೆ ತಿರುಗಿಮುರುಗಿಯಾದ ಗಾಳಿಯಲ್ಲಿ ನೆನೆದು ಜಗಲಿ ಸೇರಿದೆ. ಗೌಡರು, ಅವರ ಮನೆಯವರು, ಕಣ್ಣು ಮಂಜಾದ ಅವರ ತಾಯಿ, ನಿವೃತ್ತ ಹೈಸ್ಕೂಲು ಉಪಾಧ್ಯಾಯರು, ಬ್ಯಾಂಕಿನ ಗುಮಾಸ್ತರೊಬ್ಬರು, ಅಕ್ಕಪಕ್ಕದ ತೋಟಗಳ ಇಬ್ಬರು ಮೂವರು, ಗೌಡರ ತೋಟದ ರೈಟರು ಮತ್ತು ಬಿ.ಕಾಂ. ಓದುತ್ತಿರುವ ಅವರ ಮಗಳು, ಎಲ್ಲರೂ ಬಂದಿದ್ದರು. ಪೇಟೆಯ ಓದುಗರಿಗೆ ಒಂದು ಮಾತು ಹೇಳಬೇಕು: ಕಾಫಿ ಸೀಮೆಯಲ್ಲಿ 'ರೈಟರ್' ಎಂದರೆ ಲೇಖಕನಲ್ಲ, ಆಳುಗಳ ಹಾಜರಿ ಮತ್ತು ಬಟವಾಡೆಯ ಲೆಕ್ಕ ಬರೆಯುವವನು. ಮೊದಲ ದಿನವೇ ಗೌಡರು ಅವರನ್ನು, "ಇವರು ನಮ್ಮ ರೈಟರು" ಎಂದು ಪರಿಚಯಿಸಿದಾಗ ನಾನು, "ಏನು ಬರೆದಿದ್ದೀರಿ?" ಎಂದು ಕೇಳಿ ಸಭೆಗೆ ನಗೆ ಒದಗಿಸಿದೆ.

ನಗೆ ಅಲ್ಲಿಗೇ ಮುಗಿಯಿತು. 'ಮಲೆಗಳಲ್ಲಿ ಮದುಮಗಳು' ಏಳುನೂರು ಪುಟಗಳ ಆಸುಪಾಸಿನ ಗ್ರಂಥ. ಹನ್ನೊಂದು ಜನರಲ್ಲಿ ಪೂರ್ತಿ ಓದಿದವರು ಮೂವರು, ನಾನೂ ಸೇರಿ. ಉಳಿದವರು ನಾಯಿಗುತ್ತಿಯನ್ನೂ ಅವನ ಹುಲಿಯನನ್ನೂ ಬೇರೆ ಬೇರೆ ತಿರುವುಗಳಲ್ಲಿ ಬಿಟ್ಟು ಬಂದಿದ್ದರು. ಓದದವರು ಮಾತನಾಡಲು ಹಿಂಜರಿದರು; ಓದಿದವರು ಕಥೆ ಬಿಟ್ಟುಕೊಡಬಾರದೆಂದು ಹಿಂಜರಿದರು. ಮೌನ ತುಂಬಲು ನಾನು ಒಂದು ಗಂಟೆ ಪಾಠ ಮಾಡಿದೆ. ಹಲಸಿನ ಹಪ್ಪಳ ಖಾಲಿಯಾಯಿತು. ಉಪಾಧ್ಯಾಯರು, "ಬಹಳ ಚೆನ್ನಾಗಿತ್ತು" ಎಂದು ವಂದಿಸಿದರು. ಅವರು ಹೊಗಳಿದ್ದು ಕುವೆಂಪು ಅವರನ್ನೋ ನನ್ನನ್ನೋ ಹಪ್ಪಳವನ್ನೋ ತಿಳಿಯಲಿಲ್ಲ.

ಇದರಲ್ಲಿ ಕಾದಂಬರಿಯ ತಪ್ಪೇನೂ ಇಲ್ಲ. 1967ರಲ್ಲಿ ಬಂದ ಆ ಕೃತಿಯನ್ನು 2010ರಲ್ಲಿ ಮೈಸೂರಿನ ರಂಗಾಯಣದವರು ರಾತ್ರಿಯಿಡೀ ನಾಟಕವಾಗಿ ಆಡಿದಾಗ ಜನ ಬೆಳಗಾಗುವವರೆಗೆ ಕುಳಿತು ನೋಡಿದರು. ಅದು ಕೇಳುವುದು ತಿಂಗಳನ್ನಲ್ಲ, ಒಂದು ಇಡೀ ಮಳೆಗಾಲವನ್ನು. ತಪ್ಪು ಆರಿಸಿದವನದು.

ಸೇರಿ ಓದುವುದು ನಮ್ಮ ಜನಕ್ಕೆ ಹೊಸತೇನಲ್ಲ. ಮಲೆನಾಡಿನ ಮನೆಗಳಲ್ಲಿ ಮಳೆಯ ರಾತ್ರಿಗಳಲ್ಲಿ ಗದುಗಿನ ಭಾರತವನ್ನೋ ಜೈಮಿನಿ ಭಾರತವನ್ನೋ ಓದಿಸಿ ಕೇಳುತ್ತಿದ್ದರು. ಜೈಮಿನಿ ಭಾರತದ ಲಕ್ಷ್ಮೀಶನ ಊರೆಂದು ಹೇಳುವ ದೇವನೂರು ನಮ್ಮ ಜಿಲ್ಲೆಯ ಕಡೂರು ತಾಲೂಕಿನಲ್ಲೇ ಇದೆ. ಒಬ್ಬರು ರಾಗವಾಗಿ ಓದುವರು, ಇನ್ನೊಬ್ಬರು ಅರ್ಥ ಹೇಳುವರು. ಇಡೀ ಮನೆಗೆ ಒಂದೇ ಪುಸ್ತಕ ಸಾಕು, ಅಕ್ಷರ ಬಾರದ ಅಜ್ಜಿಯೂ ಹಿಂದೆ ಬೀಳುವಂತಿಲ್ಲ. ಕಾದಂಬರಿ ಬಂದ ಮೇಲೆ ಈ ಪದ್ಧತಿ ಬದಲಾಯಿತು. 1899ರಲ್ಲಿ ಗುಲ್ವಾಡಿ ವೆಂಕಟರಾಯರ 'ಇಂದಿರಾಬಾಯಿ' ಬಂದಂದಿನಿಂದ ನಮ್ಮ ಸಾಮಾಜಿಕ ಕಾದಂಬರಿ ಒಬ್ಬೊಬ್ಬರನ್ನೇ ಪ್ರತ್ಯೇಕವಾಗಿ ಕರೆದು ಕಿವಿಯಲ್ಲಿ ಮಾತನಾಡುತ್ತ ಬಂದಿದೆ. ವಾರಪತ್ರಿಕೆಯ ಧಾರಾವಾಹಿ ಮಾತ್ರ ಇದಕ್ಕೆ ಅಪವಾದ. ಒಂದೇ ವಾರ, ಒಂದೇ ಕಂತು, ಇಡೀ ಬೀದಿ ಒಂದೇ ಪುಟದಲ್ಲಿ ನಿಂತು ನಾಯಕಿಯ ಗತಿಯೇನೆಂದು ಕೊರಗುವುದು. ಈ ರುಚಿಯನ್ನು ನಮ್ಮ ಓದುಗರಿಗೆ ನಾನು ಹೇಳಿಕೊಡಬೇಕಾಗಿಲ್ಲ.

ಇನ್ನೊಬ್ಬರು ಆರಿಸಿದ್ದನ್ನು ಓದುವ ಅಭ್ಯಾಸವೂ ನಮ್ಮಲ್ಲಿ ಹಳೆಯದೇ. 1933ರಲ್ಲಿ ಜಿ. ಬಿ. ಜೋಶಿಯವರು ಧಾರವಾಡದಲ್ಲಿ ಮನೋಹರ ಗ್ರಂಥಮಾಲೆಯನ್ನು ಆರಂಭಿಸಿ ಚಂದಾದಾರರನ್ನು ಕೂಡಿಸಿದರು. ಚಂದಾ ಕೊಟ್ಟವರ ಮನೆಗೆ ಗ್ರಂಥಮಾಲೆಯವರು ಆರಿಸಿದ ಪುಸ್ತಕ ಬರುತ್ತಿತ್ತು. ಕೀರ್ತಿನಾಥ ಕುರ್ತಕೋಟಿಯವರಂಥ ವಿಮರ್ಶಕರು ಅವರಿಗೆ ಸಲಹೆಗಾರರಾಗಿ ಒದಗಿದರು. 1965ರಲ್ಲಿ ಅನಂತಮೂರ್ತಿಯವರ 'ಸಂಸ್ಕಾರ' ಹೊರಬಂದದ್ದು ಅಲ್ಲಿಂದಲೇ. ಸಂಜೆ ಸಂಧ್ಯಾವಂದನೆ ಮುಗಿಸಿ, ಅಂಚೆಯಲ್ಲಿ ಬಂದ ಆ ಸಣ್ಣ ಪುಸ್ತಕವನ್ನು ಬಿಚ್ಚಿದ ಚಂದಾದಾರರೂ ಇದ್ದಿರಲೇಬೇಕು. ನಾರಣಪ್ಪನ ಹೆಣ ಅಗ್ರಹಾರದಲ್ಲಿ ಬಿದ್ದಿದೆ. ಸಂಸ್ಕಾರ ಮಾಡುವವರು ಯಾರು? ಪಕ್ಕದಲ್ಲಿ ಕುಳಿತವನ ಕಡೆಗೆ ತಿರುಗಿ, "ನೀನಾಗಿದ್ದರೆ ಏನು ಮಾಡುತ್ತಿದ್ದೆ?" ಎಂದು ಕೇಳಲೇಬೇಕಾದ ಪ್ರಶ್ನೆ ಅದು. ಬಳಗಕ್ಕೆ ಬೇಕಾದ ಕಾದಂಬರಿಯ ಗುರುತನ್ನು ನಾನು ಕಂಡುಕೊಂಡದ್ದು ಮಲ್ಲಂದೂರಿನಿಂದ ಹಿಂದಿರುಗುವ ಬಸ್ಸಿನಲ್ಲಿ, ಈ ಹೆಣದ ನೆನಪಿನಿಂದ.

ಜುಲೈ ತಿಂಗಳಿಗೆ ಪಟ್ಟಿ ಬದಲಾಯಿಸಿ ತೇಜಸ್ವಿಯವರ 'ಕರ್ವಾಲೊ' ಎಂದೆ. 1980ರ ಪುಸ್ತಕ, ಇಂದಿಗೂ ಯಾವ ಅಂಗಡಿಯಲ್ಲಾದರೂ ಸಿಗುತ್ತದೆ. ಇದೂ ಸಣ್ಣ ಸಂಗತಿಯಲ್ಲ. ಹನ್ನೊಂದು ಜನಕ್ಕೆ ಎರಡೇ ಪ್ರತಿ ಇದ್ದರೆ ತಿಂಗಳು ಮುಗಿಯುವ ಹೊತ್ತಿಗೆ ಪುಸ್ತಕ ನಾಲ್ಕನೆಯವರ ತಲೆದಿಂಬಿನ ಕೆಳಗಿರುತ್ತದೆ. ಎಷ್ಟೋ ಒಳ್ಳೆಯ ಕಾದಂಬರಿಗಳು ಮರುಮುದ್ರಣವಿಲ್ಲದೆ ಹಳೆಯ ಗ್ರಂಥಾಲಯಗಳ ಕಪಾಟಿನಲ್ಲಿ ಒಂಟಿ ಪ್ರತಿಯಾಗಿ ಕುಳಿತಿವೆ. ಅವು ಬಳಗಕ್ಕೆ ಒದಗುವುದಿಲ್ಲ.

'ಕರ್ವಾಲೊ'ವನ್ನು ಎಲ್ಲರೂ ಓದಿದರು, ಎಲ್ಲರೂ ಮೆಚ್ಚಿದರು. ಜೇನು ಸಾಕುವ ಮಂದಣ್ಣ, ಕಿವಿ ಎಂಬ ನಾಯಿ, ಹಾರುವ ಓತಿಯನ್ನು ಹುಡುಕಿ ಹೊರಟ ವಿಜ್ಞಾನಿ, ಯಾರೂ ಮಲ್ಲಂದೂರಿಗೆ ಅಪರಿಚಿತರಲ್ಲ. ತೊಡಕೂ ಅಲ್ಲಿಯೇ ಬಂದದ್ದು. ನಮ್ಮ ಸೀಮೆಯ ಕಾದಂಬರಿಯನ್ನು ನಮ್ಮವರು ಸರ್ವೆ ನಕ್ಷೆಯಂತೆ ಓದುತ್ತಾರೆ. "ಆ ಕಣಿವೆ ಇಂಥದ್ದೇ", "ಆ ಮನುಷ್ಯ ನಮ್ಮ ಭಾವನ ಸ್ನೇಹಿತನೇ", "ಹಾರುವ ಓತಿ ನಾನೂ ನೋಡಿದೀನಿ, ಅಡಿಕೆ ಮರದಲ್ಲಿ". ಸೊಗಸಾದ ಹರಟೆ, ಎರಡು ಗಂಟೆ ಹೋದದ್ದೇ ತಿಳಿಯಲಿಲ್ಲ. ಆದರೆ ಜೀವಮಾನವಿಡೀ ಸಂಬಳ ತಂದ ವಿದ್ಯೆಗೂ ಮಂದಣ್ಣನ ಕಣ್ಣಿಗೂ ಇರುವ ವ್ಯತ್ಯಾಸವೇನೆಂಬ ಪ್ರಶ್ನೆ, ನನ್ನಂಥವರಿಗೆ ಚುಚ್ಚಬೇಕಾದ ಪ್ರಶ್ನೆ, ಮೇಲೆ ಬರಲೇ ಇಲ್ಲ. ಎಲ್ಲರೂ ಒಪ್ಪಿದ ಮೇಲೆ ಮಾತಿಗೆ ಉಳಿಯುವುದಾದರೂ ಏನು?

ಏಳುವ ಹೊತ್ತಿಗೆ ರೈಟರ ಮಗಳು ಮೊದಲ ಬಾರಿಗೆ ಬಾಯಿ ತೆರೆದಳು.

"ಮುಂದಿನ ತಿಂಗಳು 'ಚೋಮನ ದುಡಿ' ಓದೋಣ ಸರ್."

ಗೌಡರು ಕ್ಷಣ ತಡೆದು, "ಅದು ಘಟ್ಟದ ಕೆಳಗಿನ ಕಥೆ ಅಲ್ವೇನಮ್ಮ?" ಎಂದರು.

"ಕಥೆ ಕೆಳಗಿಂದು ಸರ್. ಸಾಲ ಮೇಲಿಂದು."

ರೈಟರು ನೆಲ ನೋಡಿದರು. ಹೆಂಚಿನ ಮೇಲೆ ಮಳೆ ಹೊಯ್ಯುತ್ತಿತ್ತು. ಪುಕ್ಕಲನಾದ ನಾನು, "ಅದನ್ನು ಮುಂದೆ ಎಂದಾದರೂ ನೋಡೋಣ" ಎಂದು ಮಾತು ತಿರುಗಿಸಲು ಹವಣಿಸಿದೆ. ತೀರ್ಮಾನ ಕೊಟ್ಟವರು ಒಳಗಿನ ಮಂಚದ ಮೇಲಿದ್ದ ಅಜ್ಜಿ. "ಸಣ್ಣ ಪುಸ್ತಕ ತಾನೇ? ಓದಿ. ನಂಗೂ ಓದಿ ಹೇಳ್ಲಿ" ಎಂದರು.

ಶಿವರಾಮ ಕಾರಂತರ 'ಚೋಮನ ದುಡಿ' ಪ್ರಕಟವಾದದ್ದು 1933ರಲ್ಲಿ. ಕರಾವಳಿಯ ಊರೊಂದರ ಚೋಮನಿಗೆ ತಾನೂ ನೆಲ ಉಳಬೇಕು, ಬೇಸಾಯಗಾರನೆನಿಸಬೇಕೆಂಬುದೊಂದೇ ಆಸೆ. ಮನೆಯಲ್ಲಿ ಒಂದು ಜೊತೆ ಎತ್ತೂ ಇದೆ. ಆದರೆ ಅವನು ಹುಟ್ಟಿದ ಜಾತಿಗೆ ಉಳುವ ಹಕ್ಕಿಲ್ಲ. ಇದರ ಮೇಲೆ ಘಟ್ಟದ ಮೇಲಿನ ಕಾಫಿ ತೋಟದ ಹಳೆಯ ಸಾಲವೊಂದು ಅವನ ಬೆನ್ನಿಗಿದೆ. ಅದನ್ನು ಕೇಳಲು ತೋಟದ ಕಡೆಯ ಮನ್ವೇಲ ಬರುತ್ತಾನೆ. ತೀರಿಸಲು ಮಕ್ಕಳು ಘಟ್ಟ ಹತ್ತುತ್ತಾರೆ. ಒಬ್ಬ ಮಗ ಜ್ವರಕ್ಕೆ ತುತ್ತಾಗುತ್ತಾನೆ, ಇನ್ನೊಬ್ಬ ಮನೆಯಿಂದಲೇ ದೂರವಾಗುತ್ತಾನೆ. ಕೊನೆಗೆ ಮಗಳು ಬೆಳ್ಳಿ ಹೋಗುತ್ತಾಳೆ. ಇದನ್ನು ನಾನು ನಾಲ್ಕು ವರ್ಷ ತರಗತಿಯಲ್ಲಿ ಪಾಠ ಮಾಡಿದ್ದೇನೆ. ಲೇಖಕರ ಪರಿಚಯ, ಕಥಾಸಾರ, ಪಾತ್ರಚಿತ್ರಣ, ದುಡಿಯ ಸಾಂಕೇತಿಕತೆ, ಹತ್ತು ಅಂಕ. ಆ ಕಾಫಿ ತೋಟ ನಿಜವಾಗಿ ಎಲ್ಲಿತ್ತೆಂದು ಒಮ್ಮೆಯೂ ಯೋಚಿಸಿರಲಿಲ್ಲ.

ಆಗಸ್ಟಿನ ಆ ಭಾನುವಾರ ಬಂದವರೆಲ್ಲ ಓದಿ ಬಂದಿದ್ದರು. "ಚೆನ್ನಾಗಿತ್ತು" ಎಂದು ಯಾರೂ ಹೇಳಲಿಲ್ಲ.

ಗೌಡರ ಮಡಿಲಲ್ಲಿ ಕಾದಂಬರಿಯ ಜೊತೆಗೆ ಇನ್ನೊಂದು ಪುಸ್ತಕವಿತ್ತು. ಅವರ ಅಜ್ಜನ ಕಾಲದ, ಗೆದ್ದಲು ಅಂಚು ತಿಂದ ಲೆಕ್ಕದ ಪುಸ್ತಕ. ಹಿಂದೆ ದಕ್ಷಿಣ ಕನ್ನಡದಿಂದ ಜನ ಮೇಸ್ತ್ರಿಗಳ ಕೈಯಲ್ಲಿ ಮುಂಗಡ ಪಡೆದು ಘಟ್ಟ ಹತ್ತಿ ಬಂದು, ಕಾಫಿ ಕುಯ್ಲು ಮುಗಿಸಿ, ಮಳೆ ಹಿಡಿಯುವುದರೊಳಗೆ ಇಳಿದು ಹೋಗುತ್ತಿದ್ದರು. ಹೆಸರಿನ ಮುಂದೆ ಮುಂಗಡದ ಮೊತ್ತ, ಅದರ ಮುಂದೆ 'ಚುಕ್ತಾ' ಎಂಬ ಬರಹ. "ಚುಕ್ತಾ ಅಂತ ಬರೀದೇ ಇರೋ ಹೆಸರು ಎಷ್ಟಿದಾವೆ ಅಂತ ರಾತ್ರಿ ಎಣಿಸ್ದೆ" ಎಂದರು. ಎಷ್ಟೆಂದು ಅವರು ಹೇಳಲಿಲ್ಲ, ನಾವು ಕೇಳಲಿಲ್ಲ.

ರೈಟರು ಕೆಮ್ಮಿ ಗಂಟಲು ಸರಿಮಾಡಿಕೊಂಡರು. "ಆ ಮನ್ವೇಲನ್ನ ಓದಿ ನಂಗೆ ಎರಡು ದಿವ್ಸ ಊಟ ಸೇರ್ಲಿಲ್ಲ ಗೌಡ್ರೇ. ನಮ್ ಕೆಲಸದ ಹೆಸರು ಹಿಡಿದು ಬೈದ ಹಾಗಾಯ್ತು. ಈಗ ಮುಂಗಡ ಅಸ್ಸಾಮಿಗೆ ಹೋಗ್ತದೆ, ಫೋನಲ್ಲೇ ಹೋಗ್ತದೆ. ಬರೆಯೋನು ನಾನೇ."

ಉಪಾಧ್ಯಾಯರು ಒಪ್ಪಲಿಲ್ಲ. ತೋಟವನ್ನೇ ದೂರುವುದು ಸರಿಯಲ್ಲ. ಚೋಮ ಕೇಳಿದ್ದು ಸಾಲದ ಮಾಫಿಯನ್ನಲ್ಲ, ಉಳಲು ನೆಲವನ್ನು. ಅದನ್ನು ಕೊಡದೆ ಹೋದದ್ದು ಅವನ ಊರು. ಊರು ನೆಲ ಕೊಟ್ಟಿದ್ದರೆ ತೋಟದ ಸಾಲ ಅವನನ್ನು ಮುರಿಯುತ್ತಿತ್ತೇ ಎಂದು ವಾದಿಸಿದರು. ಇದು ನನ್ನ ಟಿಪ್ಪಣಿಗಳಲ್ಲಿಲ್ಲದ ಮಾತು. ಬ್ಯಾಂಕಿನವರು ಬಡ್ಡಿಯ ಲೆಕ್ಕ ತೆಗೆದರು. ದನಿಗಳು ಏರಿದವು. ಆಗ ಆ ಹುಡುಗಿ, "ಎಲ್ರೂ ಚೋಮ, ಚೋಮ ಅಂತಿದೀರಿ. ಸಾಲ ತೀರಿಸಿದ್ದು ಬೆಳ್ಳಿ ಅಲ್ವಾ?" ಎಂದಳು.

ಸಾಲ ಯಾವ ಬಗೆಯಿಂದ ತೀರಿತೆಂಬುದು ಓದಿದವರಿಗೆಲ್ಲ ಗೊತ್ತು. ಜಗಲಿಯ ಮೇಲೆ ಗಂಡಸರು ಯಾರೂ ತಲೆಯೆತ್ತಲಿಲ್ಲ. ಗೌಡರ ಮನೆಯವರು ಮಾತ್ರ ಮೆಲ್ಲಗೆ, "ಮದುವೆ ಆಗಿ ಬಂದ ಹೊಸದ್ರಲ್ಲಿ ಲೈನ್ ಮನೆ ಕಡೆ ಒಬ್ಬಳೇ ಹೋಗಬೇಡ ಅಂತ ಅತ್ತೆ ಹೇಳ್ತಿದ್ರು. ಅಲ್ಲೇ ಇರೋ ಹೆಣ್ಣುಮಕ್ಳಿಗೆ ಯಾರು ಏನು ಹೇಳ್ತಿದ್ರೋ" ಎಂದರು. ಒಳಗಿನ ಮಂಚದಿಂದ ಉತ್ತರ ಬರಲಿಲ್ಲ.

ಅಂದಿನ ಬಳಿಕ ಇಬ್ಬರು ಬಳಗ ಬಿಟ್ಟರು. ಅವರಲ್ಲೊಬ್ಬರು ನನ್ನನ್ನು ಬಸ್ ನಿಲ್ದಾಣದವರೆಗೆ ಕಾರಿನಲ್ಲಿ ಬಿಟ್ಟು, "ವಾರವೆಲ್ಲ ತೋಟದ ತಲೆನೋವು ಇದ್ದದ್ದೇ. ಭಾನುವಾರವೂ ಅದೇ ಬೇಕಾ ಮೇಷ್ಟ್ರೇ?" ಎಂದರು. ಈ ಮಾತನ್ನು ತಳ್ಳಿಹಾಕಲು ನನಗೆ ಮನಸ್ಸು ಬರುವುದಿಲ್ಲ. ದಣಿದವನು ನೆಮ್ಮದಿಗಾಗಿ ಓದುವುದು ಅಪರಾಧವಲ್ಲ. ಅಂಥವರಿಗೆ 'ಜುಗಾರಿ ಕ್ರಾಸ್' ಇದೆ. ಒಂದು ಹಗಲು ಒಂದು ರಾತ್ರಿಯ ಕಥೆ, ಏಲಕ್ಕಿ ಬೆಳೆಗಾರ ದಂಪತಿಗಳು, ಓಟವೋ ಓಟ. ಅವರಿಗೆ ಅದನ್ನೇ ಕೊಟ್ಟೆ. ಆದರೆ ಅದನ್ನು ಓದಲು ಬಳಗ ಬೇಕಾಗಿಲ್ಲ, ಚಾಪೆ ದಿಂಬು ಸಾಕು.

ಇನ್ನೊಂದು ಬದಲಾವಣೆಯೂ ಆಯಿತು. ಹುಡುಗಿಯ ತಾಯಿಗೆ ಓದುವ ಆಸೆ ಬಹಳ. ಆದರೆ ಧಣಿಗಳ ಮನೆಯ ಜಗಲಿಯ ಮೇಲೆ ಕುರ್ಚಿ ಹಾಕಿ ಕೂರಲು ಅವರಿಗೆ ಮೈ ಬಗ್ಗದು. ಇದು ಗೌಡರ ಕಿವಿಗೆ ಹೇಗೋ ಬಿದ್ದಿತು. ಸೆಪ್ಟೆಂಬರಿನಿಂದ ಸಭೆ ಊರ ಶಾಲೆಯ ಕೋಣೆಗೆ ಬಂದಿತು. ಕುರ್ಚಿಗಳನ್ನು ಗೌಡರೇ ಜೀಪಿನಲ್ಲಿ ಹಾಕಿಕೊಂಡು ತಂದರು. ಹಪ್ಪಳ ಮಾತ್ರ ಹಿಂದಿನಂತೆಯೇ ಅವರ ಮನೆಯಿಂದ.

ಅಲ್ಲಿ ನನಗೆ ಎರಡನೆಯ ಪಾಠ ಕಾದಿತ್ತು. "ನಿಮ್ಮ ಮೊದಲ್ನೇ ಪಟ್ಟೀಲಿ ಒಂದಾದ್ರೂ ಹೆಂಗಸು ಬರೆದದ್ದು ಇತ್ತಾ ಮೇಷ್ಟ್ರೇ?" ಎಂದು ಗೌಡರ ಮನೆಯವರು ಕೇಳಿದರು. ಇರಲಿಲ್ಲ. ತ್ರಿವೇಣಿ, ಎಂ. ಕೆ. ಇಂದಿರಾ ಮೊದಲಾದವರನ್ನು 'ಜನಪ್ರಿಯ'ರೆಂಬ ಗೂಡಿನಲ್ಲಿಟ್ಟು ಬಾಗಿಲು ಹಾಕುವುದನ್ನು ನಮ್ಮ ವಿಮರ್ಶೆ ಬಹುಕಾಲ ಮಾಡಿತು. ಅದನ್ನೇ ಕಲಿತ ನಾನು ಅದನ್ನೇ ಮಾಡಿದ್ದೆ. ಮೂವತ್ತೈದು ತುಂಬುವ ಮೊದಲೇ 1963ರಲ್ಲಿ ತೀರಿಕೊಂಡ ತ್ರಿವೇಣಿಯವರ 'ಶರಪಂಜರ'ವನ್ನು ಓದುವುದೆಂದಾಯಿತು.

ಸಿನಿಮಾ ಆದ ಕಾದಂಬರಿಯನ್ನು ಆರಿಸುವಾಗ ಎಚ್ಚರ ಬೇಕು. ಪುಟ್ಟಣ್ಣ ಕಣಗಾಲರ 1971ರ ಚಿತ್ರ ನೋಡಿದವರೆಲ್ಲರೂ ಕಾವೇರಿಯ ಕಥೆ ತಮಗೆ ಗೊತ್ತೆಂದೇ ಕುಳಿತಿದ್ದರು. ಅವರ ಕಣ್ಣಲ್ಲಿದ್ದವರು ಕಲ್ಪನಾ. ಪುಟ ತೆರೆದು ಓದಿದವರಿಗೆ ಬೇರೊಂದು ಕಾವೇರಿ ಸಿಕ್ಕಳು. ಮಾನಸಿಕ ಆಸ್ಪತ್ರೆಯಿಂದ ಗುಣವಾಗಿ ಮನೆಗೆ ಬಂದ ಹೆಂಗಸನ್ನು ಮನೆಯೇ ಗುಣವಾಗಲು ಬಿಡದ ಕಥೆ ಅದು. ಜೋರಾಗಿ ನಕ್ಕರೂ ಅನುಮಾನ, ಸುಮ್ಮನಿದ್ದರೂ ಅನುಮಾನ. ಅಂದು ರೈಟರ ಹೆಂಡತಿ, ಮೊದಲ ಸಲ ಬಂದವರು, ತಮ್ಮ ಕುಟುಂಬದ ಸಂಗತಿಯೊಂದನ್ನು ಹೇಳಿದರು. ಅದು ಅವರದು, ಇಲ್ಲಿ ಬರೆಯುವಂಥದಲ್ಲ. ಪುಸ್ತಕವೊಂದು ನಡುವೆ ಇಲ್ಲದಿದ್ದರೆ ಅದನ್ನು ಆ ಕೋಣೆಯಲ್ಲಿ ಹೇಳುವುದು ಅವರಿಂದ ಆಗುತ್ತಿರಲಿಲ್ಲವೆಂಬುದಷ್ಟನ್ನು ಬರೆಯಬಹುದು. ಕಾವೇರಿಯ ವಿಷಯವಾಗಿ ಆಡಿದ ಮಾತಿನ ಮರೆಯಲ್ಲಿ ಅವರು ತಮ್ಮ ಮಾತನ್ನೂ ದಾಟಿಸಿದರು.

ಅಕ್ಟೋಬರಿನಲ್ಲಿ ಇಂದಿರಾ ಅವರ 'ಫಣಿಯಮ್ಮ' (1976) ಓದಿದೆವು. ಅಜ್ಜಿಗೆ ಅದನ್ನು ಎರಡು ಸಲ ಓದಿ ಹೇಳಬೇಕಾಯಿತಂತೆ. ನವೆಂಬರಿನಿಂದ ಕುಯ್ಲು, ಕಣದಲ್ಲಿ ಹಣ್ಣು ಹರಡಿರುವಾಗ ಕಾದಂಬರಿಯ ಮಾತೆತ್ತಿದವನನ್ನು ಮಲ್ಲಂದೂರಿನಲ್ಲಿ ಹುಚ್ಚನೆನ್ನುತ್ತಾರೆ. ಬಳಗ ಫೆಬ್ರವರಿ ಮುಗಿಯುವ ತನಕ ನಿದ್ದೆ ಮಾಡಿತು.

ಈಚೆಗೆ ಒಂದೆರಡು ಹೂಮಳೆ ಬಿದ್ದು ತೋಟಗಳು ಬೆಳ್ಳಗಾಗಿವೆ. ಈ ಬಾರಿ ಸಿದ್ಧನಾಗಿಯೇ ಇದ್ದೆ. ವಿವೇಕ ಶಾನಭಾಗರ 'ಘಾಚರ್ ಘೋಚರ್' (2013) ಸೂಚಿಸಬೇಕೆಂದು ಎತ್ತಿಟ್ಟಿದ್ದೆ. ಸಣ್ಣದು, ಮತ್ತು ಕಥೆ ಆರಂಭವಾಗುವುದು ಬೆಂಗಳೂರಿನ ಕಾಫಿ ಹೌಸಿನಲ್ಲಿ. ಕಾಫಿ ಬೆಳೆಯುವವರು ಕಾಫಿ ಕುಡಿಯುವವರ ಮನೆಯೊಳಗನ್ನೂ ಒಮ್ಮೆ ನೋಡಲಿ ಎಂಬ ಎಣಿಕೆ. ಹಣ ಬಂದ ಮೇಲೆ ಮನೆಮಂದಿಯೆಲ್ಲ ಒಂದಾಗಿ ಏನೇನನ್ನು ನೋಡದಂತೆ ಇರಬಲ್ಲರೆಂಬ ಆ ಕಥೆಗೆ ಶಾಲೆಯ ಕೋಣೆಯಲ್ಲಿ ಜಗಳ ಹತ್ತುವುದು ಖಂಡಿತವೆಂದು ಲೆಕ್ಕ ಹಾಕಿದ್ದೆ.

ಕಳೆದ ವಾರ ಫೋನು ಬಂದಿತು. ಗೌಡರದಲ್ಲ, ರೈಟರ ಮಗಳದು.

"ಸರ್, ಈ ಸಲ ಪಟ್ಟಿ ಕಳಿಸಬೇಡಿ. ನಾವೇ ಆರಿಸಿದೀವಿ. ಸಾರಾ ಅಬೂಬಕ್ಕರ್ ಅವರ 'ಚಂದ್ರಗಿರಿಯ ತೀರದಲ್ಲಿ'. ಅಮ್ಮ ಆಗ್ಲೇ ಓದಿ ಮುಗಿಸಿದಾರೆ. ನೀವು ಹೇಗೂ ಓದಿರ್ತೀರಿ ಅಲ್ವಾ?"

ಕಾಸರಗೋಡಿನಲ್ಲಿ ಹುಟ್ಟಿದ ಸಾರಾ ಅವರ ಈ ಕಾದಂಬರಿ ಮೊದಲು ಲಂಕೇಶ್ ಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂದದ್ದೆಂದು ಹೇಳಿದೆ. ಕನ್ನಡದಲ್ಲಿ ಮುಸ್ಲಿಂ ಮಹಿಳೆಯರ ಬರವಣಿಗೆಗೆ ಅದು ದಾರಿ ತೆರೆದ ಬಗೆಯನ್ನೂ ವಿವರಿಸಿದೆ. ಇವೆಲ್ಲ ನನಗೆ ಗೊತ್ತು. ಪರೀಕ್ಷೆಗೆ ಬರೆದಿದ್ದೇನೆ, ಪರೀಕ್ಷೆಗೆ ಕೇಳಿದ್ದೇನೆ. ಕಾದಂಬರಿಯನ್ನು ಓದಿರಲಿಲ್ಲ.

ಶನಿವಾರ ಗ್ರಂಥಾಲಯದಿಂದ ತಂದಿದ್ದೇನೆ. ಈ ಲೇಖನ ಮುಗಿಸುವ ಹೊತ್ತಿಗೆ ನಲವತ್ತನೆಯ ಪುಟದಲ್ಲಿದ್ದೇನೆ. ಭಾನುವಾರಕ್ಕೆ ಇನ್ನು ನಾಲ್ಕು ದಿನ.